ಎತ್ತಿನ ಹಲ್ಲು, ಗಾಡಿಯ ಚರಿತ್ರೆ

ಕಳೆದ ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡಿದ. ಕುಶಲೋಪರಿಯೆಲ್ಲ ಮುಗಿದ ಮೇಲೆ ಸಂಕೋಚದಿಂದಲೇ ಒಂದು ಪ್ರಶ್ನೆಯನ್ನು ಮುಂದಿಟ್ಟ. "ಸಾರ್, ಅಪ್ಪ ಅಮ್ಮ, ನಾವಿಬ್ಬರು, ಇಬ್ಬರು ಮಕ್ಕಳು. ಒಟ್ಟು ಆರು ಜನ. ಹೊಸ ಗಾಡಿಗೆ ದುಡ್ಡು ಸಾಲದು. ಸೆಕೆಂಡ್ ಹ್ಯಾಂಡ್ ತಗೋಬೇಕು ಅಂತಿದ್ದೀನಿ. ಇನ್ನೋವಾನೋ, ಸ್ಕಾರ್ಪಿಯೋನೋ, ಬೊಲೆರೋನೋ ಒಂದೂ ತೀರ್ಮಾನ ಆಗ್ತಿಲ್ಲ. ನೀವೇನಂತೀರಿ?"

ಜೀವಮಾನದಲ್ಲಿ ಒಮ್ಮೆಯೂ ಸ್ಟಿಯರಿಂಗ್ ಹಿಡಿಯದ ಇತಿಹಾಸದ ಮೇಷ್ಟ್ರಿಗೆ ಕೇಳುವ ಪ್ರಶ್ನೆಯೇ ಇದು ಎಂದು ನಕ್ಕುಬಿಟ್ಟೆ. ಆದರೆ ಫೋನು ಕೆಳಗಿಟ್ಟ ಮೇಲೆ ನಗು ಉಳಿಯಲಿಲ್ಲ. ಇದೇ ಪ್ರಶ್ನೆ 2006ರಲ್ಲಿ ನಮ್ಮ ಮನೆಯ ಜಗಲಿಯ ಮೇಲೂ ಎದ್ದಿತ್ತು. ಅಂದು ನಾವು ಕೊಟ್ಟುಕೊಂಡ ಉತ್ತರ ತಪ್ಪಾಗಿತ್ತು. ಆದ್ದರಿಂದ ಅವನಿಗೆ ಹೇಳಬೇಕಾದುದನ್ನು ಇಲ್ಲಿ ಎಲ್ಲರಿಗೂ ತಿಳಿಯುವಂತೆ, ನನಗೆ ಬರುವ ದಾರಿಯಲ್ಲಿಯೇ, ಅಂದರೆ ಚರಿತ್ರೆಯ ದಾರಿಯಲ್ಲಿಯೇ ಹೇಳುತ್ತೇನೆ.

ನಮ್ಮ ಮಲೆನಾಡಿನಲ್ಲಿ ಬಹುಕಾಲದವರೆಗೆ ಎತ್ತರದ ಗಾಡಿಗಳಿಗೆಲ್ಲ ಒಂದೇ ಹೆಸರು: ಜೀಪು. ಎರಡನೆಯ ಮಹಾಯುದ್ಧದ ಸಮಯದಲ್ಲಿ ಅಮೆರಿಕದ ಸೈನ್ಯಕ್ಕಾಗಿ ರೂಪುಗೊಂಡ ವಾಹನವದು. ಯುದ್ಧ ಮುಗಿದ ಬಳಿಕ ವಿಲ್ಲಿಸ್ ಕಂಪೆನಿಯ ಜೀಪುಗಳ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿದವರು ಮಹೀಂದ್ರ ಸೋದರರು. ಅವರ ಸಂಸ್ಥೆ 1945ರಲ್ಲಿ ಹುಟ್ಟಿದಾಗ ಅದರ ಹೆಸರು 'ಮಹೀಂದ್ರ ಅಂಡ್ ಮೊಹಮ್ಮದ್' ಎಂದಿತ್ತು. ಪಾಲುದಾರರಾಗಿದ್ದ ಗುಲಾಮ್ ಮೊಹಮ್ಮದರು ದೇಶ ವಿಭಜನೆಯಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು. 1948ರಲ್ಲಿ ಸಂಸ್ಥೆ 'ಮಹೀಂದ್ರ ಅಂಡ್ ಮಹೀಂದ್ರ' ಆಯಿತು. ದೇಶದ ಚರಿತ್ರೆ ಒಂದು ಗಾಡಿಯ ಹಣೆಬರಹದಲ್ಲಿಯೂ ಇಣುಕುತ್ತದೆ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು.

ಆ ಜೀಪು ನಮ್ಮ ಕಡೆ ಅರಣ್ಯ ಇಲಾಖೆಯವರದು, ಪೊಲೀಸರದು, ತೋಟದ ಧಣಿಗಳದು. ಮುಂದೆ ಡೀಸೆಲ್ ಎಂಜಿನ್ನು ಬಂದಿತು, ಉದ್ದನೆಯ ಕಮಾಂಡರ್ ಬಂದಿತು. ಬಸ್ಸು ಕಾಣದ ಹಳ್ಳಿಗಳಿಗೆ ಅದೇ ಬಸ್ಸಾಯಿತು. ಹಿಂದಿನ ಫುಟ್‌ಬೋರ್ಡಿನ ಮೇಲೆ ನಿಂತು ಶಾಲೆಗೆ ಬರುತ್ತಿದ್ದ ಹುಡುಗರು ಈಗ ಇದನ್ನು ಓದುತ್ತಿದ್ದಾರೆಂದು ಬಲ್ಲೆ! ಆದರೆ ಅದು ಸಂಸಾರದ ಗಾಡಿಯಾಗಿರಲಿಲ್ಲ. ಟಾರ್ಪಾಲಿನ ಸಂದಿನಿಂದ ಮಳೆ ಒಳಗೆ ಬರುತ್ತಿತ್ತು, ಬೇಸಗೆಯಲ್ಲಿ ಧೂಳು.

ಸಂಸಾರವನ್ನೆಲ್ಲ ಒಂದೇ ಸೂರಿನಡಿ ಕೂರಿಸಿಕೊಂಡು ಜನಸಾಮಾನ್ಯರ ನಡುವೆ ಹೆಸರಾದುದು 1994ರಲ್ಲಿ ಬಂದ ಟಾಟಾ ಸುಮೋ. ಜಪಾನಿನ ಕುಸ್ತಿಪಟುಗಳಿಂದ ಆ ಹೆಸರು ಬಂದಿತೆಂದು ಹಲವರು ತಿಳಿದಿದ್ದಾರೆ. ಅದು ಹಾಗಲ್ಲ. ಟೆಲ್ಕೊ ಸಂಸ್ಥೆಯನ್ನು ಬಹುಕಾಲ ಮುನ್ನಡೆಸಿದ ಸುಮಂತ್ ಮೂಲಗಾಂವ್ಕರ್ ಅವರ ಹೆಸರಿನ ಎರಡು ಮೊದಲಕ್ಷರಗಳೇ 'ಸು' ಮತ್ತು 'ಮೋ'. ಹತ್ತು ಜನ ಕೂರಬಹುದಾಗಿದ್ದ ಆ ಗಾಡಿ ಮೂರು ವರ್ಷಗಳಲ್ಲಿ ಲಕ್ಷದ ಗಡಿ ದಾಟಿ ಮಾರಾಟವಾಯಿತು. ಮದುವೆ ದಿಬ್ಬಣ, ಧರ್ಮಸ್ಥಳ ಯಾತ್ರೆ, ಚುನಾವಣಾ ಪ್ರಚಾರ, ಎಲ್ಲಕ್ಕೂ ಸುಮೋ. 2019ರಲ್ಲಿ ಅದರ ತಯಾರಿಕೆ ನಿಂತಿತು.

2000ನೆಯ ಇಸವಿಯಲ್ಲಿ ಎರಡು ಗಾಡಿಗಳು ಬಂದವು. ಒಂದು, ಹಳೆಯ ಜೀಪಿನ ವಂಶದ್ದೇ ಆದ ಮಹೀಂದ್ರ ಬೊಲೆರೊ. ಇನ್ನೊಂದು, ತಟ್ಟೆ ಇಡ್ಲಿಗೆ ಹೆಸರಾದ ನಮ್ಮ ಬಿಡದಿಯಲ್ಲಿ ತಯಾರಾದ ಟೊಯೋಟ ಕ್ವಾಲಿಸ್. ಜಪಾನಿನ ಟೊಯೋಟ ಕಂಪೆನಿಯು ಕಿರ್ಲೋಸ್ಕರ್ ಸಮೂಹದೊಡನೆ ಸೇರಿ 1997ರಲ್ಲಿ ಸ್ಥಾಪಿಸಿದ ಸಂಸ್ಥೆಯ ಮೊದಲ ವಾಹನವದು. ಇಂಡೊನೇಷ್ಯದಲ್ಲಿ 'ಕಿಜಾಂಗ್' ಎಂಬ ಹೆಸರಿನಿಂದ ಓಡುತ್ತಿದ್ದ ಗಾಡಿಯ ಮೇಲೆ ಅದನ್ನು ರೂಪಿಸಿದ್ದರು. ಅಲ್ಲಿಯ ಭಾಷೆಯಲ್ಲಿ ಕಿಜಾಂಗ್ ಎಂದರೆ ಜಿಂಕೆ. ನೋಡಲು ಜಿಂಕೆಯ ಚೆಲುವೇನೂ ಇರಲಿಲ್ಲ, ಡಬ್ಬದಂತಿತ್ತು ಎಂದು ನಕ್ಕವರುಂಟು. ಆದರೆ ಬೆಂಗಳೂರಿನ ಕಾಲ್ ಸೆಂಟರುಗಳಿಗೆ ಹಗಲಿರುಳು ಹುಡುಗ ಹುಡುಗಿಯರನ್ನು ಹೊತ್ತು ತಿರುಗಿ ತನ್ನ ಗಟ್ಟಿತನವನ್ನು ಅದು ಸಾಬೀತುಪಡಿಸಿತು. 2002ರಲ್ಲಿ ಸ್ಕಾರ್ಪಿಯೊ ಬಂದಿತು. 2005ರಲ್ಲಿ ಕ್ವಾಲಿಸ್ ನಿಂತು, ಅದೇ ಬಿಡದಿಯಿಂದ ಇನ್ನೋವಾ ಹೊರಬಂದಿತು.

ಈ ವಂಶಾವಳಿಯನ್ನು ಹೇಳಿದ್ದು ಸುಮ್ಮನಲ್ಲ. ಜೀಪಿನ ವಂಶದ ಬೊಲೆರೊ ಹಿಂಭಾಗದಲ್ಲಿ ಲಾರಿಗಿರುವಂತಹ ಲೀಫ್ ಸ್ಪ್ರಿಂಗುಗಳನ್ನು ಉಳಿಸಿಕೊಂಡಿತು. ಕೆಟ್ಟ ರಸ್ತೆಯಲ್ಲಿ ಭಾರ ಹೊರಲು ಅದು ಅನುಕೂಲ. ಹಿಂದೆ ಕುಳಿತ ಮುದುಕರ ಸೊಂಟಕ್ಕೆ ಅಷ್ಟಲ್ಲ. ಕಾಯಿಲ್ ಸ್ಪ್ರಿಂಗುಗಳ ಇನ್ನೋವಾ ದೂರದ ಪ್ರಯಾಣಕ್ಕೆ ಹಿತ. ಯಾವ ಗಾಡಿ ಯಾವ ಕೆಲಸಕ್ಕೆ ಹುಟ್ಟಿತೆಂಬುದನ್ನು ಅರಿತರೆ ಅರ್ಧ ಆಯ್ಕೆ ಮುಗಿದಂತೆ. ಇನ್ನರ್ಧವನ್ನು ನಾವು ಕಲಿತದ್ದು ಕಷ್ಟದಿಂದ.

2006ರಲ್ಲಿ ಅಮ್ಮನಿಗೆ ಎಪ್ಪತ್ತೆಂಟು. ಹೃದಯದ ತೊಂದರೆಗೆ ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿದು ಆಸ್ಪತ್ರೆಗೆ ಹೋಗಬೇಕಾಗಿತ್ತು. ಬಾಡಿಗೆ ಗಾಡಿಯ ಖರ್ಚು ಲೆಕ್ಕ ಹಾಕಿ, ಮೂವರು ಅಣ್ಣತಮ್ಮಂದಿರು ಸೇರಿ ಹಳೆಯ ಗಾಡಿಯೊಂದನ್ನು ಕೊಳ್ಳುವುದೆಂದು ನಿಶ್ಚಯಿಸಿದೆವು. ಸುಮೋ, ಕ್ವಾಲಿಸ್, ಬೊಲೆರೊ, ಮೂರನ್ನೂ ನೋಡಿದೆವು. ವಾರಗಟ್ಟಲೆ ಚರ್ಚೆ ನಡೆಯಿತು. ಅಣ್ಣ ಮೈಲೇಜಿನ ಲೆಕ್ಕ ಹೇಳಿದ, ತಮ್ಮ ನೋಟದ ಮಾತಾಡಿದ, ನಾನು ಬೆಲೆಯ ಪಕ್ಷ ಹಿಡಿದೆ. ಕೊನೆಗೆ ಹೊಸ ಬಣ್ಣ ಹೊಡೆಸಿ ಥಳಥಳ ಹೊಳೆಯುತ್ತಿದ್ದ, ಉಳಿದವುಗಳಿಗಿಂತ ಐವತ್ತು ಸಾವಿರ ಕಡಿಮೆಗೆ ಸಿಕ್ಕ ಗಾಡಿಯೊಂದು ಮನೆಗೆ ಬಂದಿತು. ಮೂರರಲ್ಲಿ ಅದು ಯಾವುದೆಂದು ಹೇಳುವುದಿಲ್ಲ. ತಯಾರಿಸಿದವರ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಅಗ್ಗದ ಆಸೆಗೆ ಹೋಗಿ ಮುಗ್ಗಿದ ಜೋಳ ತಂದರೆ ಅದು ಜೋಳದ ತಪ್ಪೇ?

ಜುಲೈ ತಿಂಗಳ ಒಂದು ಬೆಳಿಗ್ಗೆ. ಆಸ್ಪತ್ರೆಯಿಂದ ಮರಳುವಾಗ, ಘಾಟಿಯ ನಡುವೆ, ಎಂಜಿನ್ನಿನಿಂದ ಆವಿ ಎದ್ದು ಗಾಡಿ ನಿಂತುಬಿಟ್ಟಿತು. ಎದುರು ಕಾಣದಂತಹ ಮಳೆ. ಒಳಗೆ ಅಮ್ಮ ಎದೆ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದರು. ಆ ತಿರುವಿನಲ್ಲಿ ನಾವು ಕಳೆದ ಒಂದೂವರೆ ಗಂಟೆಯನ್ನು ನಾನು ಇಂದಿಗೂ ಮರೆತಿಲ್ಲ. ಕೊನೆಗೆ ಒಂದು ಮಿನಿ ಬಸ್ಸಿನವರು ನಿಲ್ಲಿಸಿ ಅವರನ್ನು ಎತ್ತಿ ಕೂರಿಸಿಕೊಂಡರು. ಉಸಿರು ಹಿಡಿತಕ್ಕೆ ಬಂದ ಮೇಲೆ ಅಮ್ಮ ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಮಾತು: "ನಿಮ್ಮಪ್ಪ ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದರು, ಸುಳಿ ನೋಡುತ್ತಿದ್ದರು, ನೊಗ ಕಟ್ಟಿ ಉಳಿಸಿ ನೋಡುತ್ತಿದ್ದರು. ನೀವು ಮೂವರೂ ಓದಿದವರು. ಇದರ ಹಲ್ಲು ನೋಡಿದ್ದಿರೇನೋ?"

ನೋಡಿರಲಿಲ್ಲ. ಆಮೇಲೆ ಮೆಕ್ಯಾನಿಕ್ ಬಿಚ್ಚಿ ನೋಡಿದಾಗ ತಿಳಿಯಿತು, ರೇಡಿಯೇಟರು ಮೊದಲೇ ತೂತಾಗಿ ಹೇಗೋ ಮುಚ್ಚಿಸಿಕೊಂಡಿತ್ತು. ಕಾಗದಪತ್ರಗಳನ್ನು ಬಿಚ್ಚಿ ನೋಡಿದಾಗ ಇನ್ನೂ ಹೆಚ್ಚು ತಿಳಿಯಿತು. ಗಾಡಿ ಕೆಲವು ವರ್ಷ ಹಳದಿ ಬೋರ್ಡಿನಲ್ಲಿ ಬಾಡಿಗೆಗೆ ಓಡಿತ್ತು. ಮೀಟರನ್ನು ಹಿಂದಕ್ಕೆ ತಿರುಗಿಸಿದ್ದರು. ಆರ್.ಸಿ. ಪುಸ್ತಕದಲ್ಲಿ ಸಾಲ ಕೊಟ್ಟವರ ಹೆಸರು ಹಾಗೆಯೇ ಇತ್ತು. ಸಾಲ ತೀರಿತೆಂದು ಅವರು 35ನೆಯ ನಮೂನೆಯಲ್ಲಿ ಸಹಿ ಹಾಕುವವರೆಗೆ ನಮ್ಮ ಹೆಸರಿಗೆ ವರ್ಗಾವಣೆ ಇಲ್ಲ. ಏಳು ತಿಂಗಳು ಓಡಾಡಿದೆವು. ಆ ಏಳು ತಿಂಗಳೂ ನಾವು ಪರರ ಹೆಸರಿನ ಗಾಡಿಯಲ್ಲಿ ಅಮ್ಮನನ್ನು ಕೂರಿಸಿಕೊಂಡು ಓಡಾಡಿದೆವು ಎಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಹೆಸರು ಬದಲಾಗದ ಗಾಡಿಯಿಂದ ಅಪಘಾತವಾದರೆ, ಕೈಬದಲಾಗಿದ್ದರೂ, ನೋಂದಣಿ ದಾಖಲೆಯಲ್ಲಿ ಹೆಸರಿರುವವನನ್ನೇ ಮಾಲಿಕನೆಂದು ಪರಿಗಣಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಹೇಳಿತು. ಮಾರುವವರೂ ಈ ಮಾತನ್ನು ನೆನಪಿಡಬೇಕು.

ಮೂವತ್ತು ವರ್ಷ ನಾನು ಮಕ್ಕಳಿಗೆ ಕಲಿಸಿದ್ದು ಏನನ್ನು? ಚರಿತ್ರೆಗೆ ಆಧಾರಗಳು ಬೇಕು. ಬಾಯಿಮಾತನ್ನು ಶಾಸನದೊಡನೆ, ಶಾಸನವನ್ನು ಉತ್ಖನನದೊಡನೆ ತಾಳೆ ನೋಡಬೇಕು ಎಂದು. ಆ ಪಾಠವನ್ನು ಸ್ವಂತ ಮನೆಯ ವಿಷಯದಲ್ಲಿ ಮರೆತೆ. ಹಳೆಯ ಗಾಡಿಗೂ ಇದೇ ಮೂರು ಆಧಾರಗಳು. ಮಾರುವವನ ಮಾತು ಬಾಯಿಮಾತು. 'ಒಬ್ಬರೇ ಡಾಕ್ಟರು ಓಡಿಸಿದ್ದು ಸಾರ್' ಎಂಬುದನ್ನು ಕೇಳಿಸಿಕೊಳ್ಳಿ, ನಂಬಬೇಡಿ. ಆರ್.ಸಿ., ವಿಮೆ, ಸರ್ವೀಸ್ ದಾಖಲೆಗಳು ಶಾಸನ. ಆರ್.ಸಿ.ಯಲ್ಲಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಗಾಡಿಯ ಮೇಲೆ ಕೆತ್ತಿರುವ ಸಂಖ್ಯೆಗಳೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ನಿಮ್ಮದೇ ಮೆಕ್ಯಾನಿಕ್ ಗಾಡಿಯ ಕೆಳಗೆ ಮಲಗಿ ನೋಡುವುದು ಉತ್ಖನನ. ಬಣ್ಣದ ಅಡಿಯ ತುಕ್ಕು, ಸಮನಾಗಿ ಸವೆಯದ ಟೈರು, ತಣ್ಣಗಿರುವ ಎಂಜಿನ್ನು ಮೊದಲ ಸಲ ಹೊತ್ತಿಕೊಂಡಾಗ ಬರುವ ಹೊಗೆ, ಇವು ಸುಳ್ಳು ಹೇಳುವುದಿಲ್ಲ. ಮೀಟರು ನಲವತ್ತು ಸಾವಿರ ಎಂದು ತೋರಿಸುತ್ತಿದ್ದರೂ ಪೆಡಲಿನ ರಬ್ಬರು ಸವೆದು ಹೋಗಿದ್ದರೆ ರಬ್ಬರನ್ನು ನಂಬಿ.

ಅಂದಿಗೂ ಇಂದಿಗೂ ಬದಲಾದ ಸಂಗತಿಗಳೂ ಉಂಟು. ಉದ್ದ ನಾಲ್ಕು ಮೀಟರಿಗಿಂತ ಕಡಿಮೆಯಿರುವ, ಚಿಕ್ಕ ಎಂಜಿನ್ನಿನ ಗಾಡಿಗಳಿಗೆ 2006ರ ಕೇಂದ್ರ ಬಜೆಟ್ಟಿನಲ್ಲಿ ಸುಂಕ ಇಳಿಯಿತು. 2013ರಲ್ಲಿ ದೊಡ್ಡ ಎಸ್‌ಯುವಿಗಳ ಸುಂಕ ಶೇಕಡ 27ರಿಂದ 30ಕ್ಕೆ ಏರಿತು. ಹೀಗಾಗಿ ಬೊಲೆರೊ 2016ರಲ್ಲಿ ತನ್ನ ಮೈಯನ್ನು ಕುಗ್ಗಿಸಿಕೊಂಡು, ಒಂದೂವರೆ ಲೀಟರಿನ ಎಂಜಿನ್ನು ಧರಿಸಿ 'ಪವರ್ ಪ್ಲಸ್' ಆಯಿತು. ಹೆಸರು ಒಂದೇ ಆದರೂ ಅದಕ್ಕೆ ಮುಂಚಿನದು ಬೇರೆ, ನಂತರದ್ದು ಬೇರೆ. 2019ರ ಏಪ್ರಿಲಿನಿಂದ ಹೊಸ ಕಾರುಗಳಿಗೆ ಎ.ಬಿ.ಎಸ್. ಬ್ರೇಕು, ಜುಲೈಯಿಂದ ಚಾಲಕನ ಏರ್‌ಬ್ಯಾಗು ಕಡ್ಡಾಯವಾಯಿತು. ಅದಕ್ಕಿಂತ ಹಳೆಯ ಗಾಡಿಯಲ್ಲಿ ಇವು ಇರಲೂಬಹುದು, ಇಲ್ಲದಿರಲೂಬಹುದು, ಕೇಳಿ ತಿಳಿಯಬೇಕು. ಹಿಂಬದಿಯ ಅಡ್ಡ ಸೀಟಿನಲ್ಲಿ ಬೆಲ್ಟಿಲ್ಲದಿದ್ದರೆ ಅಲ್ಲಿ ಮಕ್ಕಳನ್ನು ಕೂರಿಸುವುದು ತರವಲ್ಲ.

ದೆಹಲಿಯ ಗಾಡಿ ಅಗ್ಗವೆಂದು ಯಾರಾದರೂ ಆಸೆ ತೋರಿಸಿಯಾರು. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ಅಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿದ ಮೇಲೆ ಅಲ್ಲಿನ ಹಳೆಯ ಗಾಡಿಗಳು ಹೊರರಾಜ್ಯಗಳಿಗೆ ಹರಿದವು. ಆದರೆ ಹೊರರಾಜ್ಯದ ಗಾಡಿಗೆ ಅಲ್ಲಿಯ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ಆಜೀವ ತೆರಿಗೆ ಕಟ್ಟಬೇಕು. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿಯನ್ನು ನವೀಕರಿಸುವ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲಿನಲ್ಲಿ 5,000ಕ್ಕೆ ಏರಿತು. ಇವನ್ನೆಲ್ಲ ಕೂಡಿಸಿದ ಮೇಲೆ ಅಗ್ಗ ಎಷ್ಟು ಉಳಿಯಿತೆಂದು ನೋಡಿ.

ಇನ್ನು ನನ್ನ ವಿದ್ಯಾರ್ಥಿಗೆ ಉತ್ತರ. ಅಪ್ಪಾ, ನಿನ್ನ ತಂದೆತಾಯಿಯರನ್ನು ಮೂರೂ ಗಾಡಿಗಳ ಬಳಿಗೆ ಕರೆದುಕೊಂಡು ಹೋಗಿ ಹತ್ತಿಸಿ, ಇಳಿಸಿ ನೋಡು. ಮಂಡಿ ನೋವಿನವರಿಗೆ ಗಾಡಿಯ ಮೆಟ್ಟಿಲೇ ಮೊದಲ ಪರೀಕ್ಷೆ. ಹಳ್ಳಿಯ ಮಣ್ಣುದಾರಿಯೇ ಹೆಚ್ಚಾದರೆ ಬೊಲೆರೊ, ಸ್ಕಾರ್ಪಿಯೊಗಳ ಕಡೆ ನೋಡು. ಆರು ಜನ ದೂರ ಹೋಗುವುದೇ ಹೆಚ್ಚಾದರೆ, ಬೆಲೆ ತುಸು ಜಾಸ್ತಿಯಾದರೂ, ಇನ್ನೋವಾ. ಆದರೆ ದಾಖಲೆ ಸರಿಯಿಲ್ಲದ ಇನ್ನೋವಾಕ್ಕಿಂತ ದಾಖಲೆ ಸರಿಯಿರುವ ಬೊಲೆರೊ ಮೇಲು. 29 ಮತ್ತು 30ನೆಯ ನಮೂನೆಗಳಿಗೆ ಸಹಿ ಬೀಳುವವರೆಗೆ ಪೂರ್ತಿ ಹಣ ಕೊಡಬೇಡ. ಸಹಿ ಬಿದ್ದ ಮೇಲೆ ಹೆಸರು ಬದಲಾಯಿಸಲು ಒಂದು ದಿನವೂ ತಡಮಾಡಬೇಡ.

ನಾವು ಆ ಗಾಡಿಯನ್ನು 2008ರಲ್ಲಿ ಮಾರಿದೆವು. ಕೊಳ್ಳಲು ಬಂದ ಹುಡುಗನಿಗೆ ರೇಡಿಯೇಟರಿನ ಕಥೆಯನ್ನೂ ಹಳದಿ ಬೋರ್ಡಿನ ಕಥೆಯನ್ನೂ ಹೇಳಿಯೇ ಮಾರಿದೆವು. ಅವನು ಹದಿನೈದು ಸಾವಿರ ಕಡಿಮೆ ಕೊಟ್ಟ. ಅಣ್ಣ ನನ್ನ ಮೇಲೆ ಸಿಡುಕಿದ. ಅಮ್ಮ ಮಾತ್ರ ಒಳಗಿನಿಂದ, "ಇರಲಿ ಬಿಡೋ, ಅವನ ಮನೆಯಲ್ಲೂ ಒಬ್ಬಳು ಮುದುಕಿ ಇರಬಹುದು" ಎಂದರು.