ಅಜ್ಜಿಯ ಡಬ್ಬಿ, ನನ್ನ ಕಿವಿ

ನಮ್ಮ ಅಜ್ಜಿಯ ಎದಿ ಮ್ಯಾಲೆ ಒಂದು ಡಬ್ಬಿ ಇರ್ತಿತ್ತು. ಎರಡು ಬೆಂಕಿಪೊಟ್ಟಣ ಜೋಡಿಸಿಟ್ಟಷ್ಟು ದೊಡ್ಡದು. ಅದಕ್ಕೊಂದು ವಾಯರು, ವಾಯರಿನ ತುದಿಗೆ ಕಿವಿಯೊಳಗ ಸಿಗಿಸೋ ಗುಂಡಿ. 1974ರಾಗ ಅಪ್ಪ ಹುಬ್ಬಳ್ಳಿಯ ಅಂಗಡಿಯೊಂದರಿಂದ ತಂದಿದ್ದ. ಅಂಗಡಿಯವ ಆಕಿ ಕಿವಿ ನೋಡಲಿಲ್ಲ, ಆಕಿನ್ನೂ ನೋಡಲಿಲ್ಲ. "ಚಕ್ರ ತಿರುಗಿಸಿದ್ರ ಜೋರಾಗ್ತದ" ಅಂತ ಹೇಳಿ ರೊಕ್ಕ ಎಣಿಸಿಕೊಂಡ. ವರ್ಷದೊಳಗ ಡಬ್ಬಿ ಟ್ರಂಕ್ ಸೇರಿತು. "ಗದ್ಲ ಕೇಳ್ತದೋ, ಮಾತು ಕೇಳಂಗಿಲ್ಲ" ಅಂತಿದ್ಲು ಅಜ್ಜಿ. ಹಟಮಾರಿ ಮುದುಕಿ ಅಂದ್ವಿ ನಾವು. ಆಮ್ಯಾಲೆ ಆಕಿ ಜೋಡಿ ಮಾತಾಡೋದೂ ಕಡಿಮಿ ಆತು. ಊಟಕ್ಕ ಕರೀಬೇಕಾದ್ರ ಭುಜ ಮುಟ್ಟತಿದ್ವಿ, ಅಷ್ಟ.

ಈ ವರ್ಷ ನನ್ನ ಪಾಳಿ. ಬಾಣಲಿಗೆ ಎಣ್ಣಿ ಹಾಕೂವಾಗ ಮನಿಯಾಕಿ "ಸಾಕ್ರೀ" ಅಂದದ್ದು ನನಗ "ಹಾಕ್ರೀ" ಅಂತ ಕೇಳಿಸಿತು. ಎಣ್ಣಿ ತುಂಬಿ ಹರೀತು. ಮರುದಿನಾನ ಮಗಳು ಆಡಿಯಾಲಜಿಸ್ಟ್ ಕಡೆ ಕರಕೊಂಡು ಹೋದಳು.

ಸಣ್ಣ ವಯಸ್ಸಿನ ಹುಡುಗಿ. ಮೊದಲು ಕಿವಿಯೊಳಗ ದೀಪ ಹಿಡಿದು ನೋಡಿದ್ಲು. ಆಮ್ಯಾಲೆ ಹೊರಗಿನ ಸಪ್ಪಳ ಬರದಂಥ ಖೋಲಿಯೊಳಗ ಕೂಡ್ರಿಸಿ, ಕೈಯಾಗ ಗುಂಡಿ ಕೊಟ್ಟು, "ಎಷ್ಟ ಸಣ್ಣ ಸಪ್ಪಳ ಬಂದ್ರೂ ಒತ್ರಿ ಕಾಕಾ" ಅಂದ್ಲು. ಮುಂದ ಕಿವಿ ಹಿಂದಿನ ಎಲಬಿಗೆ ಒಂದು ನಡುಗೋ ಗುಂಡಿ ಇಟ್ಟು ಮತ್ತದ ಪರೀಕ್ಷಾ. ಕಡೀಕೆ ಕಾಗದದ ಮ್ಯಾಲೆ ನನ್ನ ಕಿವಿಯ ನಕ್ಷಾ ಬಂತು. 250 ಹರ್ಟ್ಸ್‌ನಿಂದ 1000ದ ತನಕಾ ಗೆರಿ ಛೊಲೋನ ಇತ್ತು. 2000 ದಾಟಿದ ಮ್ಯಾಲೆ ಗುಡ್ಡಾ ಇಳಿಧಂಗ ಇಳಿದಿತ್ತು. ಸ್ವರಗಳಿಗೆ ಜೋರು ಹೆಚ್ಚು, ಅವು ಕೆಳಗಿನ ಶ್ರುತಿಯವು. ಸ, ಶ, ತ ಇಂಥಾವು ತೆಳ್ಳಗ, ಮ್ಯಾಲಿನ ಶ್ರುತಿಯವು. ನನಗ "ಆಕ್ರೀ" ಕೇಳಿಸಿತ್ತು, "ಸ" ಬಂದಿರಲೇ ಇಲ್ಲ!

ಅಜ್ಜಿ ಹೇಳಿದ್ದೂ ಇದನ್ನ ಅಲ್ಲೇನು?

ಮನಿಗೆ ಬಂದು ಈ ಮಷೀನಿನ ಇತಿಹಾಸ ಓದಕೋತ ಕೂತೆ. ಬಹುಕಾಲ ಎಲ್ಲಾರೂ ಬೆನ್ನು ಹತ್ತಿದ್ದು ಜೋರಿಗೇ. ಮೊದಲು ಕೊಂಬು, ಕಹಳಿ. ಪೋರ್ಚುಗಲ್ ರಾಜ ಆರನೇ ಜಾನ್‌ಗ 1819ರ ಹೊತ್ತಿಗೆ ಲಂಡನ್ನಿನವರು ಒಂದು ಸಿಂಹಾಸನಾನ ಮಾಡಿಕೊಟ್ಟರು. ಕೈ ಇಡೋ ಜಾಗಾ ಪೊಳ್ಳು, ಅದರ ತುದಿಗೆ ಬಾಯಿ ತೆರೆದ ಸಿಂಹ. ಬಂದವರು ಮೊಣಕಾಲೂರಿ ಸಿಂಹದ ಬಾಯಾಗ ಮಾತಾಡಬೇಕು, ಅದು ನಳಿಗಿಯೊಳಗ ಹಾದು ರಾಜನ ಕಿವಿಗೆ ಮುಟ್ಟಬೇಕು. ನಮ್ಮ ಮಗ್ಗಲಿನ ಗೋವಾನೂ ಆಗ ಅವನದ. ರಾಜ ಕಿವುಡಾದ್ರ ಮಂದಿ ಮೊಣಕಾಲೂರ್ತಾರ, ಮುದುಕಿ ಕಿವುಡಾದ್ರ ಎದ್ದು ಹೋಗ್ತಾರ. ಇರ್ಲಿ.

1898ರಾಗ ಅಮೆರಿಕದ ಮಿಲ್ಲರ್ ರೀಸ್ ಹಚಿಸನ್ ಕರೆಂಟಿನ ಮಷೀನು ಮಾಡಿದ. ಟ್ರಾನ್ಸಿಸ್ಟರ್ ಅಂದ್ರ ನಮಗ ರೇಡಿಯೊ ನೆನಪಾಗ್ತದ, ಆದ್ರ ಅದು ರೇಡಿಯೊಕ್ಕಿಂತ ಮೊದಲ, 1952–53ರಾಗ, ಕಿವಿ ಮಷೀನು ಸೇರಿತ್ತು. ಅಜ್ಜಿಯ ಡಬ್ಬಿ ಆ ವಂಶದ್ದ. ಅದು ಎಲ್ಲಾನೂ ಎತ್ತತಿತ್ತು: ಭಾಂಡೆ, ಫ್ಯಾನು, ಅದರ ಮೈಕಿಗೆ ಸೀರಿ ಸೆರಗು ಉಜ್ಜೋ ಸಪ್ಪಳಾನೂ.

ಆದ್ರ ಬರೇ ಜೋರು ಸಾಲದು ಅನ್ನೋದು ಆಗಲೇ ಗೊತ್ತಿತ್ತು. 1944ರಾಗ ಸ್ಯಾಮ್ಯುಯೆಲ್ ಲೈಬಾರ್ಗರ್ ಅನ್ನಾಂವ ಅರ್ಧದ ಲೆಕ್ಕ ಕೊಟ್ಟಿದ್ದ: ಕಿವಿ 60 ಡೆಸಿಬೆಲ್ ಕಳಕೊಂಡಿದ್ರ ಸುಮಾರು 30 ತುಂಬಿಕೊಡ್ರಿ. ಯಾಕಂದ್ರ ನರದ ಕಿವುಡಿನೊಳಗ ಸಣ್ಣ ಸಪ್ಪಳ ಹೋಗ್ತದ, ದೊಡ್ಡ ಸಪ್ಪಳ ಮಾತ್ರ ಮೊದಲಿನಷ್ಟ ಬಡೀತದ. ಎರಡನೇ ಮಹಾಯುದ್ಧದೊಳಗ ಕಿವಿ ಕೆಟ್ಟ ಸೈನಿಕರಿಗೆ ರೇಮಂಡ್ ಕಾರ್ಹಾರ್ಟ್ ಪೆನ್ಸಿಲ್ವೇನಿಯಾದ ಆಸ್ಪತ್ರಿಯೊಳಗ ಬ್ಯಾರೆ ಬ್ಯಾರೆ ಮಷೀನು ಹಾಕಿ, ಯಾವುದರಾಗ ಮಾತು ತಿಳೀತದ ಅಂತ ಅಳದು ಕೊಡ್ತಿದ್ದ. ಆಡಿಯಾಲಜಿ ಅನ್ನೋ ಕಸಬು ಬೆಳೆದದ್ದು ಹಿಂಗ. ಮೈಸೂರಿನೊಳಗ ವಾಕ್ ಶ್ರವಣ ಸಂಸ್ಥೆ ಸುರುವಾದದ್ದು 1965ರಾಗ.

ಅಂದ್ರ ಅಜ್ಜಿಯ ಡಬ್ಬಿ ಟ್ರಂಕಿಗೆ ಬಿದ್ದಾಗ ಆ ಸಂಸ್ಥೆಗೆ ಹತ್ತು ವರ್ಷ ಆಗಿತ್ತು. ನಮಗ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ರೂ, ಮುದುಕಿ ಕಿವಿ ಸಲುವಾಗಿ ಮೈಸೂರಿಗೆ ಯಾರು ಹೋಗ್ತಿದ್ರು?

ನನ್ನ ಮಷೀನು ಡಿಜಿಟಲ್. 1996ರಿಂದ ಈಚೆಗೆ ಪೇಟಿಗೆ ಬಂದ ಜಾತಿ. ಹುಡುಗಿ ಅದನ್ನ ಕಂಪ್ಯೂಟರಿಗೆ ಜೋಡಿಸಿ, ನನ್ನ ಕಿವಿಯೊಳಗ ಕೂದಲಿನಂಥಾ ನಳಿಗಿ ಇಟ್ಟು, ಸಪ್ಪಳ ಪಡದಿ ಹತ್ರ ಎಷ್ಟು ಮುಟ್ಟತದ ಅಂತ ಅಳದ್ಲು. ಮ್ಯಾಲಿನ ಶ್ರುತಿ ಏರಿಸಿದ್ಲು, ಕೆಳಗಿಂದು ಹಂಗ ಬಿಟ್ಲು. ನನ್ನ ದನಿ ನನಗ ಡಬರಿಯೊಳಗಿಂದ ಬಂಧಂಗ ಕೇಳಿಸಿತು. "ರೂಢಿ ಆಗ್ತದ ಕಾಕಾ. ಎರಡು ವಾರ ಬಿಟ್ಟು ಬರ್ರಿ, ಏನೇನು ಕಿರಿಕಿರಿ ಆತು ಬರಕೊಂಡು ಬರ್ರಿ, ತಿದ್ದೋಣ" ಅಂದ್ಲು.

ಅಜ್ಜಿಗೆ ಎರಡನೇ ಸಲ ಬಾ ಅಂತ ಯಾರೂ ಹೇಳಿರಲಿಲ್ಲ.

ಕ್ಯಾಲೆಂಡರಿನ ಹಿಂದ ಬರೀಲಿಕ್ಕೆ ಹತ್ತೇನಿ: ಮಿಕ್ಸರು, ಪೇಪರ್ ಮಡಚೋದು, ನನ್ನ ಚಪ್ಪಲಿ, ಮೊಮ್ಮಗನ ಕಿರಚಾಟ. ಮಿಕ್ಸರಿನ ಮುಂದ ಎರಡು ಗೆರಿ ಎಳದೇನಿ. ಮೊಮ್ಮಗನ ಹೆಸರು ಹೊಡದು ಹಾಕೇನಿ.