ಕಲ್ಯಾಣ್ ಸೀಮೆಯ ವಲಸಿಗ ಕ್ರೈಸ್ತರು: ಯುವಜನ ಸೇವೆ ಮತ್ತು ಆಪ್ತಸಲಹೆ ಹಿಡಿದ ಎರಡು ಹಾದಿಗಳು

ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿಮುಂಬಯಿಯ ಕ್ರೈಸ್ತ ಸಂಸ್ಥೆಗಳ ಚರಿತ್ರೆಯನ್ನು ಮಿಶನರಿಗಳ ಚರಿತ್ರೆಯೆಂದು ಓದುವುದು ನಮ್ಮಲ್ಲಿ ರೂಢಿ. ಈ ಸೀಮೆಯ ಮಟ್ಟಿಗೆ ಆ ಓದು ಸಾಲದು. ಇಲ್ಲಿನ ಬಹುಪಾಲು ಇಗರ್ಜಿಗಳನ್ನು ಕಟ್ಟಿದವರು ಯಾರನ್ನೋ ಮತಕ್ಕೆ ತರಲು ಬಂದವರಲ್ಲ. ಕೆಲಸ ಹುಡುಕಿಕೊಂಡು ಬಂದವರು. ಊರಿನಲ್ಲಿ ತಲೆಮಾರುಗಳಿಂದ ನಡೆದು ಬಂದ ನಂಬಿಕೆಯನ್ನು ಪರಸ್ಥಳದಲ್ಲೂ ಉಳಿಸಿಕೊಳ್ಳಲು ಹೆಣಗಿದವರು. ಹೀಗಾಗಿ ಇಲ್ಲಿನ ಯುವಜನ ಸೇವೆಯನ್ನು ವಲಸೆಯ ಚರಿತ್ರೆಯ ಒಂದು ಅಧ್ಯಾಯವಾಗಿ ಓದಬೇಕು. ಹಾಗೆ ಓದಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ವಲಸಿಗರ ಮಕ್ಕಳನ್ನು ಸಮುದಾಯದೊಳಗೆ ಉಳಿಸಿಕೊಳ್ಳುವ ಕೆಲಸವೂ ಆ ಮಕ್ಕಳ ಮನಸ್ಸಿನ ಸಂಕಟವನ್ನು ಕೇಳಿಸಿಕೊಳ್ಳುವ ಕೆಲಸವೂ ಒಂದೇ ಕಾಲದಲ್ಲಿ ಹುಟ್ಟಿದವು, ಆದರೆ ಬೇರೆ ಬೇರೆ ಹಾದಿ ಹಿಡಿದವು. ಮೊದಲನೆಯದಕ್ಕೆ ಧರ್ಮಪ್ರಾಂತ್ಯ, ಕಟ್ಟಡ, ಕಾನೂನು ಎಲ್ಲವೂ ಒದಗಿದವು. ಎರಡನೆಯದು ಬಹುಕಾಲ ಗುರುಗಳ ಮತ್ತು ಸಂನ್ಯಾಸಿನಿಯರ ತರಬೇತಿಯ ವಿಷಯವಾಗಿಯೇ ಉಳಿಯಿತು. ಈ ಅಂತರ ಹೇಗೆ ಹುಟ್ಟಿತು ಎಂಬುದು ಈ ಲೇಖನದ ವಿಷಯ.

ವಲಸಿಗ ಕ್ರೈಸ್ತರು ಥಾಣೆಗೆ ಹೊಸಬರಲ್ಲ. 1321ರಲ್ಲಿ ಇಲ್ಲಿ ಕೊಲೆಯಾದ ನಾಲ್ವರು ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಕಥೆಯನ್ನು ಅವರ ಜೊತೆಗಾರ ಜೊರ್ಡಾನಸ್‌ನ ಪತ್ರಗಳೂ ತುಸು ಕಾಲದ ನಂತರ ಬಂದ ಓಡೊರಿಕ್‌ನ ಪ್ರವಾಸಕಥನವೂ ದಾಖಲಿಸಿವೆ. ಊರಿನಲ್ಲಿ ನೆಸ್ಟೋರಿಯನ್ ಕ್ರೈಸ್ತರ ಹದಿನೈದು ಮನೆಗಳಿದ್ದವು ಎನ್ನುತ್ತಾನೆ ಓಡೊರಿಕ್. ಸಂನ್ಯಾಸಿಗಳು ಇಳಿದುಕೊಂಡಿದ್ದು ಅಂಥದೊಂದು ಮನೆಯಲ್ಲಿ. ಆತನ ಕಥನದ ಪ್ರಕಾರ, ಆ ಮನೆಯ ಯಜಮಾನ ಒಂದು ಸಂಜೆ ಹೆಂಡತಿಯನ್ನು ಹೊಡೆದ. ಆಕೆ ಖಾಜಿಯ ಬಳಿ ದೂರು ಕೊಟ್ಟಳು. ಸಾಕ್ಷಿ ಕೇಳಿದಾಗ ಮನೆಯಲ್ಲಿದ್ದ ಸಂನ್ಯಾಸಿಗಳ ಹೆಸರು ಬಂತು, ವಿಚಾರಣೆ ಮತದ ವಾಗ್ವಾದಕ್ಕೆ ತಿರುಗಿ ಅವರ ಸಾವಿನಲ್ಲಿ ಮುಗಿಯಿತು. ಧರ್ಮಸಭೆಯ ನೆನಪಿನಲ್ಲಿ ಉಳಿದದ್ದು ಹುತಾತ್ಮರು; ಪೆಟ್ಟು ತಿಂದ ಹೆಂಗಸಿಗೆ ಮುಂದೇನಾಯಿತು ಎಂಬುದು ಯಾರ ಆಸಕ್ತಿಯ ವಿಷಯವೂ ಆಗಲಿಲ್ಲ. ಇಷ್ಟು ಹಳೆಯ ದಾಖಲೆಯ ಮೇಲೆ ಹೆಚ್ಚಿನ ಭಾರ ಹೊರಿಸುವುದು ಸಲ್ಲ. ಆದರೂ ಥಾಣೆಯ ವಲಸಿಗ ಕ್ರೈಸ್ತ ಕುಟುಂಬವೊಂದರ ಬಗ್ಗೆ ನಮಗೆ ಸಿಗುವ ತೀರ ಹಳೆಯ ಚಿತ್ರಗಳಲ್ಲಿ ಒಂದು ಮನೆಯೊಳಗಿನ ಜಗಳದ್ದು ಎಂಬುದನ್ನು ಮರೆಯಲಾಗದು.

ಪೋರ್ಚುಗೀಸರ ಕಾಲದಲ್ಲಿ ಇಲ್ಲಿ ಸ್ಥಳೀಯ ಕ್ಯಾಥೊಲಿಕ್ ಜನ ನೆಲೆಗೊಂಡರು. ಥಾಣೆಯ ಸಂತ ಸ್ನಾನಿಕ ಯೊವಾನ್ನರ ಇಗರ್ಜಿಯ ಈಗಿನ ಕಟ್ಟಡ 1663ರದು. ತಮ್ಮನ್ನು ಈಸ್ಟ್ ಇಂಡಿಯನ್ನರೆಂದು ಕರೆದುಕೊಂಡ ಈ ಜನ 1887ರಲ್ಲಿ ಸಂಘ ಕಟ್ಟಿದ್ದೇ ಹೊರಗಿನಿಂದ ಬಂದ ಕ್ರೈಸ್ತರಿಂದ ತಮ್ಮನ್ನು ಬೇರೆಯಾಗಿ ತೋರಿಸಿಕೊಳ್ಳಲು. ಅಷ್ಟರಲ್ಲಿ ರೈಲು 1853ರಲ್ಲಿ ಥಾಣೆಯನ್ನೂ 1854ರಲ್ಲಿ ಕಲ್ಯಾಣವನ್ನೂ ಮುಟ್ಟಿತ್ತು. ದೇಶವಿಭಜನೆಯ ನಂತರ ಕಲ್ಯಾಣದ ಸೈನಿಕ ಶಿಬಿರಗಳು ಸಿಂಧಿ ನಿರಾಶ್ರಿತರ ಉಲ್ಲಾಸ್‌ನಗರವಾದವು. ಅಂಬರ್‌ನಾಥ್, ಡೊಂಬಿವಲಿ, ಥಾಣೆ–ಬೇಲಾಪುರ ಪಟ್ಟಿಗಳಲ್ಲಿ ಕಾರ್ಖಾನೆಗಳೆದ್ದವು. 1970ರಲ್ಲಿ ಸಿಡ್ಕೊ ಎಂಬ ನಗರಾಭಿವೃದ್ಧಿ ನಿಗಮ ಸ್ಥಾಪನೆಯಾಗಿ ನವಿಮುಂಬಯಿಯ ನಕಾಶೆ ಸಿದ್ಧವಾಯಿತು. 2011ರ ಜನಗಣತಿಯ ಹೊತ್ತಿಗೆ ಥಾಣೆ ನಗರದಲ್ಲಿ ಸುಮಾರು 18 ಲಕ್ಷ, ಕಲ್ಯಾಣ್–ಡೊಂಬಿವಲಿಯಲ್ಲಿ 12 ಲಕ್ಷಕ್ಕೂ ಮೇಲೆ, ನವಿಮುಂಬಯಿಯಲ್ಲಿ 11 ಲಕ್ಷದಷ್ಟು ಜನ ಇದ್ದರು. ಕೇರಳದ ನರ್ಸುಗಳು, ಗುಮಾಸ್ತರು, ತಂತ್ರಜ್ಞರು, ದಕ್ಷಿಣ ಕನ್ನಡದ ಕೊಂಕಣಿ ಕ್ಯಾಥೊಲಿಕರು, ತಮಿಳು ಮತ್ತು ತೆಲುಗು ಕ್ರೈಸ್ತರು ಮುಂಬಯಿಯ ಬಾಡಿಗೆ ತಾಳಲಾರದೆ ಈ ಉಪನಗರಗಳಿಗೆ ಸರಿದರು. ಬೆಳಗಿನ ಲೋಕಲ್ ಹಿಡಿದು ಹೋದ ಅಪ್ಪ ರಾತ್ರಿ ಬರುವುದು, ತಾಯಿಗೆ ಆಸ್ಪತ್ರೆಯ ಪಾಳಿ, ಶಾಲೆಯಿಂದ ಬಂದ ಮಗು ಬೀಗ ತೆಗೆದು ಒಬ್ಬಂಟಿಯಾಗಿ ಕೂರುವುದು ಇಲ್ಲಿನ ದಿನಚರಿ. ಅಜ್ಜಿ, ಚಿಕ್ಕಪ್ಪ, ನೆರೆಮನೆ ಎಂಬ ಊರಿನ ಆಸರೆಗಳು ಇಲ್ಲಿರಲಿಲ್ಲ. ಆ ಜಾಗವನ್ನು ಇಗರ್ಜಿ ತುಂಬಬೇಕಾಯಿತು.

ಹೇಗೆ ತುಂಬಿತು ಎಂಬುದು ಯಾವ ಸಮುದಾಯ ಎಂಬುದರ ಮೇಲೆ ನಿಂತಿತ್ತು. ಮಂಗಳೂರು ಕಡೆಯ ಕೊಂಕಣಿ ಕ್ಯಾಥೊಲಿಕರು ಲ್ಯಾಟಿನ್ ಸಂಪ್ರದಾಯದವರು. ಮುಂಬಯಿ ಮಹಾಧರ್ಮಪ್ರಾಂತ್ಯದ ಯಾವ ಇಗರ್ಜಿಗೂ ಅವರು ಸಹಜವಾಗಿ ಸೇರಬಹುದಿತ್ತು, ಸೇರಿದರು. ತಮ್ಮತನವನ್ನು ಅವರು ಕಾಪಾಡಿಕೊಂಡದ್ದು ಇಗರ್ಜಿಯ ಹೊರಗೆ. 1916ರಲ್ಲಿ ಮುಂಬಯಿಯ ಮಂಗಳೂರು ಕ್ಯಾಥೊಲಿಕರು ಕಟ್ಟಿದ ಸಹಕಾರಿ ಪತ್ತಿನ ಸಂಘವೇ ಇಂದಿನ ಮಾಡೆಲ್ ಸಹಕಾರಿ ಬ್ಯಾಂಕು. ಕನ್ನಡ ಲಿಪಿಯ ಕೊಂಕಣಿ ವಾರಪತ್ರಿಕೆ 'ದಿವೊ' ಹೊರಟದ್ದೂ ಮುಂಬಯಿಯಿಂದಲೇ. ಕರಾವಳಿಯ ಇತರ ಸಮುದಾಯಗಳ ದಾರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ಮುಂಬಯಿಯಲ್ಲಿ ರಾತ್ರಿಶಾಲೆ ನಡೆಸಿತು. ಕನ್ನಡ ರಾತ್ರಿಶಾಲೆಗಳ ಒಂದು ಪರಂಪರೆಯೇ ಬೆಳೆಯಿತು. ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದ ಹುಡುಗ ರಾತ್ರಿ ಅಲ್ಲಿ ಓದಿದ. ಈ ಶಾಲೆಗಳು ಮೊದಲು ಕೇಳಿದ ಪ್ರಶ್ನೆ ಹುಡುಗನಿಗೆ ಏನು ಬೇಕು ಎಂಬುದು. ಅವನ ಭಾಷೆ ಮತ್ತು ಜಾತಿಯ ನಂಟು ಆ ನೆರವಿನ ದಾರಿಯಾಗಿತ್ತೇ ಹೊರತು ಗುರಿಯಾಗಿರಲಿಲ್ಲ. ವಲಸಿಗ ಯುವಜನರ ಸೇವೆಗೆ ಕನ್ನಡ ನೆಲ ಮುಂಬಯಿಯಲ್ಲಿ ಕೊಟ್ಟ ಈ ಮಾದರಿಗೆ ಸಿಗಬೇಕಾದ ಮನ್ನಣೆ ಇನ್ನೂ ಸಿಕ್ಕಿಲ್ಲ.

ಕೇರಳದ ಸೀರೋ ಮಲಬಾರ್ ಕ್ಯಾಥೊಲಿಕರ ಸ್ಥಿತಿ ಬೇರೆಯಾಗಿತ್ತು. ಅವರದು ಪೂರ್ವ ಸಿರಿಯನ್ ಸಂಪ್ರದಾಯ. ಕೇರಳ ಬಿಟ್ಟು ಹೊರಬಂದ ಕೂಡಲೇ ಅವರು ಲ್ಯಾಟಿನ್ ಧರ್ಮಾಧ್ಯಕ್ಷರ ಆಡಳಿತಕ್ಕೆ ಒಳಪಡುತ್ತಿದ್ದರು, ತಮ್ಮ ಬಲಿಪೂಜೆಯ ಕ್ರಮವನ್ನು ಕಳೆದುಕೊಳ್ಳುತ್ತಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆ 1964ರ ನವೆಂಬರಿನಲ್ಲಿ ಪೂರ್ವ ಸಭೆಗಳ ಕುರಿತು ಹೊರಡಿಸಿದ ಆಜ್ಞಾಪತ್ರ, ಎಲ್ಲೇ ಇದ್ದರೂ ತಮ್ಮ ಸಂಪ್ರದಾಯವನ್ನು ಉಳಿಸಿಕೊಳ್ಳುವುದು ಅವರ ಹಕ್ಕೆಂದು ಸಾರಿತು. 1978ರಲ್ಲಿ ಆರ್ಚ್‌ಬಿಷಪ್ ಆಂಟನಿ ಪಡಿಯಾರ ಅವರನ್ನು ಕೇರಳದ ಹೊರಗಿನ ಸೀರೋ ಮಲಬಾರ್ ಜನರ ಸ್ಥಿತಿ ಪರಿಶೀಲಿಸಲು ನೇಮಿಸಲಾಯಿತು. 1987ರ ಮೇ 28ರಂದು ಪೋಪ್ ಎರಡನೆಯ ಜಾನ್ ಪಾಲ್ ಭಾರತದ ಧರ್ಮಾಧ್ಯಕ್ಷರಿಗೆ ಬರೆದ ಪತ್ರ ಈ ಜನರಿಗೆ ಅವರದೇ ಧರ್ಮಪ್ರಾಂತ್ಯ ಬೇಕೆಂದಿತು. 1988ರ ಏಪ್ರಿಲ್ 30ರಂದು ಕಲ್ಯಾಣ್ ಧರ್ಮಪ್ರಾಂತ್ಯ ಹುಟ್ಟಿತು. ಪಾಲ್ ಚಿಟ್ಟಿಲಪ್ಪಿಳ್ಳಿ ಮೊದಲ ಧರ್ಮಾಧ್ಯಕ್ಷರಾದರು, 1997ರಿಂದ ಥಾಮಸ್ ಇಳವನಾಲ್ ದೀರ್ಘಕಾಲ ಆ ಪೀಠದಲ್ಲಿದ್ದರು. 2025ರ ಆಗಸ್ಟಿನಲ್ಲಿ ಅದು ಮಹಾಧರ್ಮಪ್ರಾಂತ್ಯವಾಯಿತು. ಕೇರಳದ ಹೊರಗೆ ವಲಸಿಗರಿಗಾಗಿಯೇ ಸ್ಥಾಪನೆಯಾದ ಮೊದಲ ಸೀರೋ ಮಲಬಾರ್ ಧರ್ಮಪ್ರಾಂತ್ಯ ಇದು ಎಂಬುದರಲ್ಲಿ ಇದರ ಚಾರಿತ್ರಿಕ ಮಹತ್ವವಿದೆ.

ಈ ಚರ್ಚೆಯ ಉದ್ದಕ್ಕೂ ನಡೆದ ವಾದ ಹಕ್ಕಿನ ವಾದ. ಒಂದೇ ಭೂಪ್ರದೇಶದಲ್ಲಿ ಇಬ್ಬರು ಧರ್ಮಾಧ್ಯಕ್ಷರು ಇರಬಹುದೇ, ಕುಟುಂಬವೊಂದು ಯಾವ ಇಗರ್ಜಿಯ ಪುಸ್ತಕದಲ್ಲಿ ದಾಖಲಾಗಬೇಕು, ಮಗುವಿಗೆ ಯಾವ ಕ್ರಮದಲ್ಲಿ ಧರ್ಮೋಪದೇಶ ಆಗಬೇಕು ಎಂಬ ಪ್ರಶ್ನೆಗಳು. ಮಗು ಯಾರದು ಎಂಬುದು ಇತ್ಯರ್ಥವಾಯಿತು. ಮಗುವನ್ನು ಕಾಡುತ್ತಿರುವುದೇನು ಎಂಬುದು ಅದೇ ಗಾಂಭೀರ್ಯದಿಂದ ಚರ್ಚೆಗೆ ಬರಲಿಲ್ಲ. ಭಾನುವಾರದ ಧರ್ಮೋಪದೇಶ ತರಗತಿ, ಯುವಜನ ಸಂಘ, ಮಲಯಾಳಂ ಗಾಯನವೃಂದ ಇವು ಕ್ರಮವಾಗಿ ನಿಂತವು. ಮಾರ್ ಥೋಮಾ ಸಭೆಯ ಯುವಜನ ಸಖ್ಯದಂಥ ಕೇರಳದ ಸಂಘಟನೆಗಳೂ ವಲಸಿಗರ ಜೊತೆ ಇಲ್ಲಿಗೆ ಬಂದವು. ಕೇರಳದ ಕರಿಸ್ಮಾಟಿಕ್ ನವೀಕರಣವೆಂಬ ಪ್ರಾರ್ಥನಾ ಆಂದೋಲನದಿಂದ 1985ರ ಸುಮಾರಿಗೆ ರೂಪುಗೊಂಡ ಜೀಸಸ್ ಯೂತ್ ಚಳವಳಿಗೆ 2016ರಲ್ಲಿ ವ್ಯಾಟಿಕನ್ ಮನ್ನಣೆ ಸಿಕ್ಕಿತು. ಆ ನವೀಕರಣದ ಧ್ಯಾನಕೂಟಗಳಲ್ಲಿ ಆಪ್ತಸಲಹೆಗೆ ಜಾಗವಿದೆ. ಅದು ಪ್ರಾರ್ಥನೆಯೊಡನೆ ನಡೆಯುವ ಒಂದು ಭೇಟಿ, ಕೆಲವೇ ನಿಮಿಷಗಳದು. ಹಲವರು ಅದರಿಂದ ಹಗುರಾಗಿ ಏಳುತ್ತಾರೆ, ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ವಾರವಾರವೂ ಒಬ್ಬ ಹುಡುಗಿಯ ಮಾತಿಗೆ ಕಿವಿಗೊಟ್ಟು, ಅವಳ ನಿರ್ಧಾರವನ್ನು ಅವಳಿಗೇ ಬಿಡುವ ಕೆಲಸ ಅದಲ್ಲ.

ಆ ಕೆಲಸದ ಮೂಲವೂ ಅದೇ ಮಹಾಸಭೆಯಲ್ಲಿದೆ. 1965ರ ಡಿಸೆಂಬರಿನ 'ಗೌದಿಯುಂ ಎತ್ ಸ್ಪೆಸ್' ಎಂಬ ದಾಖಲೆಯ 62ನೆಯ ಕಂಡಿಕೆ, ಪಾಲನಾಸೇವೆಯಲ್ಲಿ ದೈವಶಾಸ್ತ್ರದ ಜೊತೆಗೆ ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರಗಳ ತಿಳಿವನ್ನೂ ಬಳಸಬೇಕೆಂದು ಹೇಳಿತು. ಅಮೆರಿಕದಲ್ಲಿ ಕಾರ್ಲ್ ರೋಜರ್ಸ್ ಅಷ್ಟರಲ್ಲಿ ತೀರ್ಪು ಕೊಡದೆ ಕೇಳಿಸಿಕೊಳ್ಳುವ ಪದ್ಧತಿಯನ್ನು ರೂಪಿಸಿದ್ದರು. ಮುಂಬಯಿಯಲ್ಲಿ ಹುಟ್ಟಿದ ಜೆಸುಯಿಟ್ ಆಂಟನಿ ಡಿಮೆಲ್ಲೊ ಚಿಕಾಗೊದ ಲೊಯೋಲಾ ವಿಶ್ವವಿದ್ಯಾಲಯದಲ್ಲಿ ಪಾಲನಾ ಆಪ್ತಸಲಹೆ ಓದಿ ಬಂದು ಪುಣೆಯಲ್ಲಿ ಸಾಧನಾ ಸಂಸ್ಥೆಯನ್ನು ಆರಂಭಿಸಿದರು. 1978ರಲ್ಲಿ ಅದು ಲೋನಾವಳಕ್ಕೆ ಹೋಯಿತು. 1976ರಲ್ಲಿ ಬೆಂಗಳೂರಿನಿಂದ ಜೆಸುಯಿಟ್ ಜೋ ಕರಿ ಅವರ ಆಪ್ತಸಲಹೆಯ ಪ್ರವೇಶಿಕೆ 'ಬೇರ್‌ಫುಟ್ ಕೌನ್ಸೆಲರ್' ಹೊರಬಂತು. ಪದವಿಯಿಲ್ಲದ ಸಾಮಾನ್ಯರೂ ಕೇಳಿಸಿಕೊಳ್ಳುವ ಕಲೆಯನ್ನು ಕಲಿಯಬಹುದು ಎಂಬ ನಂಬಿಕೆ ಆ ಹೆಸರಿನಲ್ಲೇ ಇತ್ತು. ಪ್ರೊಟೆಸ್ಟಂಟರ ಕಡೆಯಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಕೌನ್ಸೆಲಿಂಗ್ ಸೆಂಟರ್ ತರಬೇತಿ ಕೊಟ್ಟಿತು. ಬೀದಿಯ ಮಕ್ಕಳ ನಡುವೆ ಸಲೇಶಿಯನ್ನರು ಬೆಂಗಳೂರಿನ 'ಬಾಸ್ಕೊ'ದಲ್ಲೂ ಮುಂಬಯಿಯ ವಡಾಲಾದ ಡಾನ್ ಬಾಸ್ಕೊ ಆಶ್ರಯಧಾಮದಲ್ಲೂ ಮಗುವಿನ ಜಾತಿ ಮತ ಕೇಳದೆ ದುಡಿದರು.

ಲೋನಾವಳ ಕಲ್ಯಾಣದಿಂದ ಹೆಚ್ಚು ದೂರವಿಲ್ಲ, ಅದೇ ರೈಲುಮಾರ್ಗದಲ್ಲಿ ಘಾಟಿಯ ಮೇಲಿದೆ. ಹಾಗಿದ್ದೂ ಅಲ್ಲಿನ ವಿದ್ಯೆ ಡೊಂಬಿವಲಿಯ ಹದಿನಾರರ ಹುಡುಗನಿಗೆ ಸುಲಭವಾಗಿ ತಲುಪಲಿಲ್ಲ. ಸಾಧನಾದಲ್ಲಿ ಕಲಿತವರು ಮುಖ್ಯವಾಗಿ ಗುರುಗಳು, ಸಂನ್ಯಾಸಿನಿಯರು. ಅಲ್ಲಿನ ಭಾಷೆ ಇಂಗ್ಲಿಷ್. ವಲಸಿಗರ ಇಗರ್ಜಿಗೆ ಬರುತ್ತಿದ್ದ ಗುರುಗಳಲ್ಲಿ ಹೆಚ್ಚಿನವರು ಕೇರಳದಲ್ಲಿ ಬೆಳೆದವರು, ಅವರಿಗೆ ಅಲ್ಲಿನ ಹದಿಹರೆಯ ಗೊತ್ತಿತ್ತು. ಇಲ್ಲಿನ ಹುಡುಗ ಮನೆಯಲ್ಲಿ ಮಲಯಾಳಂ ಕೇಳಿ, ಶಾಲೆಯಲ್ಲಿ ಇಂಗ್ಲಿಷ್ ಓದಿ, ಗೆಳೆಯರೊಡನೆ ಹಿಂದಿ, ಮರಾಠಿ ಆಡುತ್ತಿದ್ದ. ಅವನ ಸಂಕಟ ಯಾವ ಭಾಷೆಯಲ್ಲಿ ಹೊರಬರಬೇಕು? ಹಿರಿಯರಿಗೆ ಹೊಸ ವಿದ್ಯೆಯ ಮೇಲೆ ಅನುಮಾನವೂ ಇತ್ತು. ಡಿಮೆಲ್ಲೊ ತೀರಿಕೊಂಡ ಹನ್ನೊಂದು ವರ್ಷಗಳ ನಂತರ, 1998ರಲ್ಲಿ, ಅವರ ಬರಹಗಳಲ್ಲಿ ಸಭೆಯ ನಂಬಿಕೆಗೆ ಹೊಂದದ ವಿಚಾರಗಳಿವೆಯೆಂದು ವ್ಯಾಟಿಕನ್ ಪ್ರಕಟಣೆ ಹೊರಡಿಸಿತು. ಅದು ಅವರ ದೈವಶಾಸ್ತ್ರದ ಕುರಿತದ್ದು, ಆಪ್ತಸಲಹೆಯ ವಿರುದ್ಧವಲ್ಲ. ಆದರೆ ಅಂಥ ಪ್ರಕಟಣೆಯನ್ನು ಸಾಮಾನ್ಯ ಭಕ್ತರು ಇಷ್ಟು ಬಿಡಿಸಿ ಓದುವುದಿಲ್ಲ.

ಈ ವಾದಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ. ಬೇರು ಕಿತ್ತ ಮಗುವಿಗೆ ಸಮುದಾಯದ ಆಸರೆಯೇ ಚಿಕಿತ್ಸೆ. ಭಾಷೆ, ಹಾಡು, ಹಬ್ಬ, ಗೆಳೆಯರ ಬಳಗ ಕೊಡುವ ಬಲವನ್ನು ಯಾವ ಆಪ್ತಸಲಹೆಗಾರನೂ ಕೊಡಲಾರ ಎನ್ನುತ್ತಾರೆ. ಇದರಲ್ಲಿ ನಿಜವಿದೆ. ಭಾನುವಾರ ಎದುರು ನೋಡುವ ಒಂದು ಜಾಗವಿರುವುದು ಒಂಟಿ ಮಗುವಿಗೆ ದೊಡ್ಡ ಆಸರೆ. ಆದರೆ ಮಗುವಿನ ಕಷ್ಟವೇ ಆ ಸಮುದಾಯದ ನಿರೀಕ್ಷೆಯಿಂದ ಹುಟ್ಟಿದ್ದಾದರೆ? ಪರೀಕ್ಷೆಯ ಅಂಕ, ಬೇರೆ ಮತದವರೊಡನೆ ಪ್ರೀತಿ, ಕುಡಿಯುವ ತಂದೆ, ನಂಬಿಕೆಯಲ್ಲೇ ಎದ್ದ ಸಂಶಯ, ಇವನ್ನು ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಬಳಗದಲ್ಲಿ ಬಾಯಿಬಿಡುವುದು ಹೇಗೆ? ಬಳಗ ಆಪ್ತವಾದಷ್ಟೂ ಗುಟ್ಟು ಕಷ್ಟ. ರಾಷ್ಟ್ರೀಯ ಅಪರಾಧ ದಾಖಲೆ ಕೇಂದ್ರದ 2022ರ ವರದಿಯಲ್ಲಿ ದೇಶದ 13,044 ವಿದ್ಯಾರ್ಥಿ ಆತ್ಮಹತ್ಯೆಗಳು ದಾಖಲಾಗಿವೆ. ರಾಜ್ಯಗಳಲ್ಲಿ ಮಹಾರಾಷ್ಟ್ರವೇ ಮೊದಲು. ಈ ಅಂಕಿಯಲ್ಲಿ ಮತವಾರು ಲೆಕ್ಕವಿಲ್ಲ. ಯಾವ ಸಮುದಾಯವೂ ತನ್ನ ಮಕ್ಕಳು ಇದರ ಹೊರಗಿದ್ದಾರೆಂದು ಭಾವಿಸಿಕೊಳ್ಳುವಂತಿಲ್ಲ.

ಪಾಪನಿವೇದನೆ ಇರುವಾಗ ಬೇರೆ ಆಪ್ತಸಲಹೆ ಏಕೆ ಎಂಬುದು ಇನ್ನೊಂದು ಆಕ್ಷೇಪ. ಪಾಪನಿವೇದನೆಯ ಗುಟ್ಟು ಮುರಿಯಲಾಗದ್ದು ನಿಜ. ಆದರೆ ಅಲ್ಲಿ ಮಾತಾಡುವವನು ತಪ್ಪಿತಸ್ಥನಾಗಿ ಬಂದಿರುತ್ತಾನೆ. ದೌರ್ಜನ್ಯಕ್ಕೆ ಒಳಗಾದ ಮಗುವನ್ನು ಆ ಜಾಗದಲ್ಲಿ ಕೂರಿಸುವುದೇ ಅದರ ಮೇಲೆ ಇನ್ನೊಂದು ಹೊರೆ. 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಂ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯದ ಸಂಗತಿ ತಿಳಿದವರೆಲ್ಲ ಪೊಲೀಸರಿಗೆ ತಿಳಿಸಲೇಬೇಕೆನ್ನುತ್ತದೆ; ಪಾಪನಿವೇದನೆಯ ಗುಟ್ಟಿಗೆ ಕಟ್ಟುಬಿದ್ದ ಗುರು ಅದನ್ನು ಹೊರಗೆ ಹೇಳಲಾರ. ಗುರುವಿನ ಪಾತ್ರವೂ ಆಪ್ತಸಲಹೆಗಾರನ ಪಾತ್ರವೂ ಬೇರೆ ಬೇರೆ ಕೋಣೆಯಲ್ಲಿ, ಸಾಧ್ಯವಾದರೆ ಬೇರೆ ಬೇರೆ ವ್ಯಕ್ತಿಯಲ್ಲಿ ಇರಬೇಕು ಎಂಬುದಕ್ಕೆ ಇಷ್ಟು ಕಾರಣ ಸಾಕು.

ಹೊರಗಿನವರ ಆಕ್ಷೇಪ ಇನ್ನೂ ತೀಕ್ಷ್ಣ: ಕ್ರೈಸ್ತ ಆಪ್ತಸಲಹೆಯೆಂದರೆ ದುಃಖದಲ್ಲಿರುವವರನ್ನು ಮತಾಂತರಿಸುವ ಉಪಾಯ ಎಂಬುದು. ಕಲ್ಯಾಣ್ ಧರ್ಮಪ್ರಾಂತ್ಯದ ಹುಟ್ಟಿನ ಕಾರಣವೇ ಇದಕ್ಕೆ ಒಂದು ಉತ್ತರ. ಅದು ಈಗಾಗಲೇ ಕ್ರೈಸ್ತರಾಗಿದ್ದವರ ಪಾಲನೆಗೆ ಹುಟ್ಟಿದ್ದು. ಆದರೆ ಉತ್ತರವನ್ನು ಅಲ್ಲಿಗೇ ನಿಲ್ಲಿಸಿದರೆ ಪ್ರಾಮಾಣಿಕವಾಗದು. ಇದೇ ಉಪನಗರಗಳಲ್ಲಿ ಸುವಾರ್ತಾ ಪ್ರಸಾರವನ್ನೇ ಕರ್ತವ್ಯವೆಂದು ನಂಬಿದ ಪೆಂತೆಕೊಸ್ತ್ ಸಭೆಗಳೂ ಇವೆ. ಧರ್ಮಪ್ರಸಾರ ಸಂವಿಧಾನದ 25ನೆಯ ವಿಧಿ ಕೊಟ್ಟ ಹಕ್ಕು. ಆ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಆಪ್ತಸಲಹೆಯ ವೃತ್ತಿನೀತಿ ಇನ್ನೂ ಕಟ್ಟುನಿಟ್ಟು: ನೊಂದು ಬಂದವನ ನಂಬಿಕೆಯನ್ನು ಬದಲಿಸಲು ಆ ಹೊತ್ತನ್ನು ಬಳಸಿಕೊಳ್ಳುವುದು ವಿಶ್ವಾಸದ್ರೋಹ. ಅದೇ ನೀತಿ ಒಳಗಿನವರಿಗೂ ಅನ್ವಯಿಸಬೇಕು. ನಂಬಿಕೆ ಸಡಿಲವಾದ ಮಲಯಾಳಿ ಹುಡುಗನನ್ನು ಮತ್ತೆ ಇಗರ್ಜಿಗೆ ತರುವುದನ್ನೇ ಆಪ್ತಸಲಹೆಯ ಗೆಲುವೆಂದು ಎಣಿಸಿದರೆ, ಹೊರಗಿನವರ ಆರೋಪಕ್ಕೆ ನೈತಿಕವಾಗಿ ಉತ್ತರ ಕೊಡುವುದು ಕಷ್ಟವಾಗುತ್ತದೆ.

ಪೋಪ್ ಫ್ರಾನ್ಸಿಸ್ 2018ರ ಅಕ್ಟೋಬರಿನಲ್ಲಿ ಯುವಜನರ ಕುರಿತ ಸಿನೋಡ್ ನಡೆಸಿ, ಮರುವರ್ಷ 'ಕ್ರಿಸ್ತುಸ್ ವಿವಿತ್' ಹೊರಡಿಸಿದರು. ಯುವಜನರ ಜೊತೆ ನಡೆಯುವುದು, ಅವರ ಮಾತನ್ನು ಕೇಳಿಸಿಕೊಳ್ಳುವುದು ಅದರ ಮುಖ್ಯ ಆಶಯ. ವಲಸಿಗ ಯುವಜನರ ಪ್ರಸ್ತಾಪವೂ ಅದರಲ್ಲಿದೆ. 1964 ಮತ್ತು 1965ರ ಎರಡು ದಾಖಲೆಗಳ ಆಶಯಗಳನ್ನು ಒಟ್ಟಿಗೆ ತರಲು ಇದು ಅಧಿಕೃತ ಅವಕಾಶ. ಕಲ್ಯಾಣ್ ಈಗ ಮಹಾಧರ್ಮಪ್ರಾಂತ್ಯ. ಅದರ ಧರ್ಮಕೇಂದ್ರಗಳಲ್ಲಿ ಕಟ್ಟಡಗಳಿವೆ, ಸಂಘಗಳಿವೆ, ನರ್ಸಿಂಗ್, ಸಮಾಜಕಾರ್ಯ, ಮನಶ್ಶಾಸ್ತ್ರ ಓದಿದ ಎರಡನೆಯ ತಲೆಮಾರಿನ ಹೆಣ್ಣುಮಕ್ಕಳಿದ್ದಾರೆ. ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿ ಮಾತಾಡಬಲ್ಲ ಇವರಿಗೆ ಜೋ ಕರಿ ಕಂಡಂಥ ತರಬೇತಿ ಕೊಟ್ಟು, ವಾರದಲ್ಲಿ ಕೆಲವು ಸಂಜೆ ಧರ್ಮಕೇಂದ್ರದ ಒಂದು ಕೋಣೆಯನ್ನು ಧರ್ಮೋಪದೇಶದಿಂದ ಬೇರೆ ಮಾಡಿ, ಯಾವ ಮತದ ಹುಡುಗ ಹುಡುಗಿಗಾದರೂ ತೆರೆದಿಡುವುದಕ್ಕೆ ರೋಮಿನ ಅಪ್ಪಣೆ ಬೇಕಿಲ್ಲ. ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಇದಕ್ಕಿಂತ ಕಡಿಮೆ ಬಂಡವಾಳದಲ್ಲಿ ಶುರುವಾಗಿದ್ದವು.