ಮಿಷನ್ ಆಸ್ಪತ್ರೆಯ ಹಳೇ ರಿಜಿಸ್ಟರು, ಬಸುರಿಯ ಊಟದ ತಟ್ಟೆ

"ಬಸುರಿ ಜಾಸ್ತಿ ತಿಂದ್ರೆ ಮಗು ದಪ್ಪ ಆಗುತ್ತೆ, ಹೆರಿಗೆ ಕಷ್ಟ ಆಗುತ್ತೆ." ಹಳ್ಳಿಮೈಸೂರು ಕಡೆ ಈ ಮಾತು ನಮಗೆ ಇವತ್ತಿಗೂ ಕೇಳಿಸುತ್ತದೆ. ಆಸ್ಪತ್ರೆ ದೂರವಿದ್ದ, ಸೂಲಗಿತ್ತಿಯೇ ದಿಕ್ಕಾಗಿದ್ದ ಕಾಲದ ಭಯ ಅದು. ಹೆರಿಗೆಯಲ್ಲಿ ತಾಯಿ ಬದುಕಿ ಉಳಿದರೆ ಸಾಕು ಎಂದಿದ್ದ ಅಜ್ಜಿಯರನ್ನು ದೂರುವುದು ಬೇಡ. ಆದರೆ ಮಗು ತೀರಾ ಸಣ್ಣದಾಗಿ ಹುಟ್ಟಿದರೆ ಮುಂದೆ ಏನಾಗುತ್ತದೆ? ಇದಕ್ಕೆ ಉತ್ತರ ಕೊಟ್ಟಿದ್ದು ನಮ್ಮ ಪಕ್ಕದ ಮೈಸೂರಿನ ಹಳೇ ರಿಜಿಸ್ಟರುಗಳು.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನ ಕರೆಯುವುದು ಮಿಷನ್ ಆಸ್ಪತ್ರೆ ಎಂದೇ. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡುತ್ತಿದ್ದರು. ಹೊಟ್ಟೆಯೊಳಗಿನ ಪೋಷಣೆಗೂ ದೊಡ್ಡವರಾದ ಮೇಲಿನ ಕಾಯಿಲೆಗೂ ನಂಟಿದೆ ಎಂದು ಇಂಗ್ಲೆಂಡಿನಲ್ಲಿ ಡಾ. ಡೇವಿಡ್ ಬಾರ್ಕರ್ ಹೇಳಿದ ಮೇಲೆ ಈ ಪುಟಗಳಿಗೆ ಬೆಲೆ ಬಂತು. 1934ರಿಂದ 1954ರೊಳಗೆ ಅಲ್ಲಿ ಹುಟ್ಟಿದ್ದ 517 ಜನರನ್ನು ಸಂಶೋಧಕರು ಹುಡುಕಿ ತಪಾಸಣೆ ಮಾಡಿದರು.

1996ರಲ್ಲಿ ಫಲಿತಾಂಶ ಪ್ರಕಟವಾಯಿತು. ಹುಟ್ಟುವಾಗ 2.5 ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ 100ಕ್ಕೆ 11 ಮಂದಿಗೆ ಹೃದ್ರೋಗ. 3.1 ಕೆ.ಜಿ. ಅಥವಾ ಹೆಚ್ಚು ಇದ್ದವರಲ್ಲಿ 100ಕ್ಕೆ 3 ಮಾತ್ರ. ಬಸುರಿಯಲ್ಲಿ ತೂಕ ಕಡಿಮೆ ಇದ್ದ ತಾಯಂದಿರ ಮಕ್ಕಳಲ್ಲೂ ಕಾಯಿಲೆ ಹೆಚ್ಚು ಕಂಡಿತು. ಹೃದ್ರೋಗಕ್ಕೆ ಬೇರೆ ಕಾರಣಗಳೂ ಇವೆ, ನಿಜ. ಆದರೆ ತಾಯಿಯ ಹಸಿವು ಮಗುವಿನ ಐವತ್ತನೇ ವಯಸ್ಸಿನವರೆಗೂ ಬೆನ್ನು ಬೀಳಬಹುದು ಎಂದು ಈ ಲೆಕ್ಕ ಎಚ್ಚರಿಸಿತು.

ಹಾಗಂತ ಸಿಕ್ಕಿದ್ದನ್ನೆಲ್ಲ ತಿನ್ನಿ ಎಂದಲ್ಲ. ಅದೇ ರಿಜಿಸ್ಟರುಗಳ ಮೇಲೆ 1998ರಲ್ಲಿ ಬಂದ ಇನ್ನೊಂದು ವರದಿ, ತೂಕ ಹೆಚ್ಚಿದ್ದ ತಾಯಂದಿರಿಗೆ ಗಿಡ್ಡಗೆ, ದಪ್ಪಗೆ ಹುಟ್ಟಿದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಎಂದಿತು. ತಟ್ಟೆ ತುಂಬಿದರೆ ಸಾಲದು, ಅದರಲ್ಲಿ ಏನಿದೆ ಎಂಬುದೂ ಮುಖ್ಯ.

ಸರ್ಕಾರದ ಊಟವೂ ಹಂತಹಂತವಾಗಿ ಬಂತು. 1975ರಲ್ಲಿ ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾಯಿತು. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಮಾತೃಪೂರ್ಣ ಬಂತು: ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಅನ್ನ, ಸಾಂಬಾರು, ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿ. ಅಲ್ಲೇ ಕೂತು ಉಣ್ಣಬೇಕು ಎಂದಿದ್ದಕ್ಕೂ ಕಾರಣವಿದೆ. ಮನೆಗೆ ಒಯ್ದ ಆಹಾರ ಎಲ್ಲರಿಗೂ ಹಂಚಿಹೋಗುತ್ತದೆ. ಆದರೆ ತೋಟದ ಮನೆಯಿಂದ ತುಂಬು ಬಸುರಿ ಬಿಸಿಲಲ್ಲಿ ನಡೆದು ಬರುವುದು ಸುಲಭವೂ ಅಲ್ಲ.

ಹಾಗಾಗಿ ಉಳಿದ ಕೆಲಸ ಮನೆಯದು. ರಾಗಿ ಮುದ್ದೆ, ಹುರುಳಿಕಾಳು, ಅವರೆಕಾಳು, ನುಗ್ಗೆಸೊಪ್ಪು, ಮೊಟ್ಟೆ, ಹಾಲು ನಮ್ಮ ಕಡೆ ಅಪರೂಪವೇನಲ್ಲ. ಕಬ್ಬಿಣದ ಮಾತ್ರೆ ತಪ್ಪಿಸಬಾರದು, ಅದರ ಜೊತೆಗೇ ಕಾಫಿ, ಟೀ ಕುಡಿಯಬಾರದು. ಸೀಮಂತದ ದಿನ ಮಡಿಲು ತುಂಬುವ ನಾವು ಉಳಿದ ದಿನ ಅವಳನ್ನು ಎಲ್ಲರಾದ ಮೇಲೆ ಊಟಕ್ಕೆ ಕೂರಿಸುತ್ತೇವೆ. ಅಷ್ಟರಲ್ಲಿ ಸಾರಿನ ಕಾಳು ಮುಗಿದಿರುತ್ತದೆ. ಮನೆಯಲ್ಲಿ ಬಸುರಿ ಇದ್ದರೆ ಮೊದಲ ತಟ್ಟೆ ಅವಳಿಗೆ ಹಾಕಿ.